ಆ್ಯಂಗಲ್ ಶಾಲೆಯ ಕೆಲವು ವಾರಗಳು

ಸಾಮಾನ್ಯ ದಂತವೈದ್ಯರು ಕಿರು ತರಬೇತಿ ಪಡೆದು ವಕ್ರದಂತ ಚಿಕಿತ್ಸೆ ಮಾಡಬಹುದೇ ಎಂಬ ಚರ್ಚೆ ಬಂದಾಗಲೆಲ್ಲ, ಮಾಡಬಹುದು ಎನ್ನುವವರ ಕೈಯಲ್ಲಿ ಒಂದು ಬಲವಾದ ಸಾಕ್ಷಿ ಇರುತ್ತದೆ: ಈ ಶಾಸ್ತ್ರ ಹುಟ್ಟಿದ್ದೇ ಕಿರು ತರಬೇತಿಯಿಂದ. ಅದು ನಿಜ. ಅಮೆರಿಕದ ಎಡ್ವರ್ಡ್ ಆ್ಯಂಗಲ್ ಅವರು ಇದಕ್ಕೆ ಪ್ರತ್ಯೇಕ ವಿಭಾಗ ಬೇಕೆಂದು ದಂತವೈದ್ಯ ಕಾಲೇಜುಗಳ ಬಾಗಿಲು ತಟ್ಟಿ ಬೇಸತ್ತು, 1900ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ತಮ್ಮದೇ ಶಾಲೆ ತೆರೆದರು. ಬಂದವರು ಅದಾಗಲೇ ವೃತ್ತಿಯಲ್ಲಿದ್ದ ದಂತವೈದ್ಯರು, ಪಾಠ ಕೆಲವೇ ವಾರಗಳದು. ಮೇಲಿನ ಮೊದಲ ದೊಡ್ಡ ದವಡೆಹಲ್ಲಿನ ಮುಂಗೋಡು ಕೆಳಗಿನ ಹಲ್ಲಿನ ಗೀರಿನಲ್ಲಿ ಕೂರುತ್ತದೆಯೇ, ಅದರ ಹಿಂದೆ ಮುಂದೆ ಜಾರಿದೆಯೇ ಎಂದು ನೋಡಿ ಕಚ್ಚುವಿಕೆಯ ದೋಷವನ್ನು ಮೂರು ವರ್ಗಗಳಾಗಿ ವಿಂಗಡಿಸುವ ಅವರ 1899ರ ಕ್ರಮ ಇಂದಿಗೂ ಪಾಠವಾಗಿದೆ. ಆದರೆ ಆ ಸಾಕ್ಷಿಯ ಇನ್ನರ್ಧವನ್ನು ಯಾರೂ ಹೇಳುವುದಿಲ್ಲ. ಹುಳುಕು ತುಂಬುವುದು, ಹಲ್ಲು ಕೀಳುವುದು ಎಲ್ಲ ಬಿಟ್ಟು ಇದೊಂದನ್ನೇ ಮಾಡಬೇಕು ಎಂಬುದು ಆ್ಯಂಗಲ್ ಅವರ ಹಟವಾಗಿತ್ತು. ಆ ಶಾಲೆಯ ವಾರಗಳು ಫಲಿಸಿದ್ದು ಅವುಗಳ ಹಿಂದೆ ಇಡೀ ಜೀವನದ ಅಭ್ಯಾಸ ನಿಂತದ್ದರಿಂದ.

ಇದಕ್ಕೆ ಒಳ್ಳೆಯ ನಿದರ್ಶನ ಅವರ ಶಿಷ್ಯ ಚಾರ್ಲ್ಸ್ ಟ್ವೀಡ್. ಒಂದು ಹಲ್ಲನ್ನೂ ಕೀಳಬಾರದು ಎಂಬ ಗುರುವಾಕ್ಯವನ್ನು ಅವರು ಅರಿಜೋನಾದಲ್ಲಿ ವರ್ಷಗಟ್ಟಲೆ ನಿಷ್ಠೆಯಿಂದ ಪಾಲಿಸಿದರು. ಹಲ್ಲು ಸಾಲಾಗಿ ನಿಂತರೂ ಅನೇಕರ ಬಾಯಿ ಮುಂದಕ್ಕೆ ಉಬ್ಬಿತು, ಕೆಲವರ ಹಲ್ಲು ಮತ್ತೆ ಸೊಟ್ಟಗಾಯಿತು. ಅವರು ಆ ರೋಗಿಗಳನ್ನೇ ಕರೆಸಿ, ನಾಲ್ಕೂ ಕೋರೆಹಲ್ಲುಗಳ ಹಿಂದಿನ ಒಂದೊಂದು ಹಲ್ಲು ತೆಗೆಸಿ, ಹೊಸ ಶುಲ್ಕವಿಲ್ಲದೆ ಮರುಚಿಕಿತ್ಸೆ ಮಾಡಿ, 1940ರಲ್ಲಿ ಅಂಥ ನೂರು ಪ್ರಕರಣಗಳನ್ನು ಸಹವೃತ್ತಿಯವರ ಮುಂದಿಟ್ಟರು. ಈ ತಿಳಿವು ಯಾವ ತರಗತಿಯಲ್ಲೂ ಸಿಗುವಂಥದ್ದಲ್ಲ. ಒಂದು ಬಾಯಿಯ ಚಿಕಿತ್ಸೆಗೇ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ; ತಪ್ಪು ಕಾಣುವುದು ಅದಕ್ಕೂ ಆಮೇಲೆ. ತಂತಿ ಬಾಗಿಸುವುದನ್ನು, ಬ್ರ್ಯಾಕೆಟ್ ಅಂಟಿಸುವುದನ್ನು ವಾರಾಂತ್ಯದ ಕೋರ್ಸು ಕಲಿಸೀತು. ಯಾವ ಬಾಯಿಗೆ ಕೈ ಹಾಕಬಾರದು ಎಂಬುದನ್ನು ಕಲಿಸಲು ಅದಕ್ಕೆ ಕಾಲವೇ ಇಲ್ಲ. ನಮ್ಮಲ್ಲಿ ಬಿಡಿಎಸ್ ಮುಗಿಸಿದವರಿಗೆ ಇಟ್ಟಿರುವ ಮೂರು ವರ್ಷದ ಎಂಡಿಎಸ್ ಎಂದರೆ ಒಂದು ಪ್ರಕರಣವನ್ನಾದರೂ ಮೊದಲಿಂದ ಕೊನೆವರೆಗೆ ಕಾಣಲು ಬೇಕಾಗುವಷ್ಟು ಸಮಯ.

ತಜ್ಞರೆಲ್ಲ ನಗರಗಳಲ್ಲಿದ್ದಾರೆ, ತಾಲ್ಲೂಕಿನ ಮಗು ಏನು ಮಾಡಬೇಕು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತರಬೇತಿ ಬೇಕೇ ಬೇಕು, ಅದರ ಗುರಿ ಬೇರೆಯಾಗಬೇಕು. ಹಾಲುಹಲ್ಲು ಅವಧಿಗೆ ಮುಂಚೆ ಹೋದರೆ ಆ ಜಾಗ ಮುಚ್ಚದಂತೆ ಕಾಯುವುದು, ಬೆರಳು ಚೀಪುವ ಚಟ ಬಿಡಿಸುವುದು, ದವಡೆಯ ಬೆಳವಣಿಗೆಯಲ್ಲೇ ದೋಷವಿರುವ ಮಗುವನ್ನು ಗುರುತಿಸಿ ಹೊತ್ತು ಮೀರುವ ಮೊದಲೇ ತಜ್ಞರ ಬಳಿ ಕಳಿಸುವುದು: ಇಷ್ಟನ್ನು ಊರಿನ ದಂತವೈದ್ಯರು ಚೆನ್ನಾಗಿ ಮಾಡಬಲ್ಲರು, ಮಾಡಬೇಕು. ಪೂರ್ತಿ ಚಿಕಿತ್ಸೆಗೆ ಕೈ ಹಾಕುವವರನ್ನು ಮಾತ್ರ, ಅವರು ಯಾರೇ ಆಗಿರಲಿ, ಮುಗಿಸಿದ ಪ್ರಕರಣಗಳ ಮೊದಲಿನ ಮತ್ತು ಆಮೇಲಿನ ಅಚ್ಚುಗಳನ್ನು ತೋರಿಸಿ ಎಂದು ಕೇಳಿ. ಮಗುವಿಗೆ ಕ್ಲಿಪ್ ಹಾಕಿಸುವ ತಂದೆತಾಯಿಗೆ ಆ ಹಕ್ಕಿದೆ.