ಪತ್ರವೂ ಲಗತ್ತೂ ಒಂದೇ ಕಟ್ಟಿನಲ್ಲಿ

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಟಪಾಲು ಗುಮಾಸ್ತರು ಲಕೋಟೆ ಒಡೆದ ಕೂಡಲೇ ನೋಡುತ್ತಿದ್ದುದು ಪತ್ರದ ಕೆಳಗಿನ ಎಡಮೂಲೆಯನ್ನು. ಅಲ್ಲಿ ‘ಲಗತ್ತು: ಮೇಲಿನಂತೆ’ ಎಂದಿದ್ದರೆ ಹಾಳೆಗಳನ್ನು ಎಣಿಸಿ, ಕಡಿಮೆ ಬಿದ್ದರೆ ಅಂಚಿನಲ್ಲೇ ಷರಾ ಬರೆದು, ಆಮೇಲಷ್ಟೇ ವಹಿಗೆ ಏರಿಸುತ್ತಿದ್ದರು. ಮೇಲ್ತುದಿಗೆ ತೂತು ಹೊಡೆದು ಟ್ಯಾಗ್ ಪೋಣಿಸಿದರೆ ಪತ್ರ, ನಕ್ಷೆ, ಪಟ್ಟಿ ಮೂರೂ ಒಟ್ಟಿಗೇ ರೆಕಾರ್ಡ್ ರೂಮು ಸೇರುತ್ತಿದ್ದವು.

ಇಮೇಲ್‌ಗೆ ಆ ಟ್ಯಾಗ್ ಸಿಗಲು ಎರಡು ದಶಕ ಬೇಕಾಯಿತು. ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ರೇ ಟಾಮ್ಲಿನ್‌ಸನ್ ಸಂದೇಶ ಕಳಿಸಿದ್ದು 1971ರಲ್ಲಿ. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಎಸ್‌ಎಂಟಿಪಿ ನಿಯಮದ ಪ್ರಕಾರ ಏಳು ಬಿಟ್‌ಗಳ ಅಕ್ಷರಗಳಷ್ಟೇ ಸಾಗಬಹುದಿತ್ತು. ಚಿತ್ರ, ಧ್ವನಿ ಹಾಗಿರಲಿ, ಕನ್ನಡದ ಒಂದಕ್ಷರಕ್ಕೂ ಅಲ್ಲಿ ಜಾಗವಿರಲಿಲ್ಲ. ಫೈಲು ಕಳಿಸುವವರು ಯುಯುಎನ್‌ಕೋಡ್ ಬಳಸಿ ಅದನ್ನು ಅಕ್ಷರಗಳ ಸಾಲುಗಳಾಗಿಸಿ ಪತ್ರದೊಳಗೇ ಸುರಿಯುತ್ತಿದ್ದರು. ಪಡೆದವರು ಬಿಡಿಸಿಕೊಳ್ಳಬೇಕಿತ್ತು.

ಈ ಪಾಡು ತಪ್ಪಿಸಿದವರು ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್. 1992ರ ಮಾರ್ಚ್ 11ರಂದು ಬೋರೆನ್‌ಸ್ಟೀನ್ ತಮ್ಮ ಗಾಯನ ತಂಡದ ಫೋಟೊ ಮತ್ತು ಹಾಡನ್ನು ಇಮೇಲ್‌ಗೆ ಲಗತ್ತಿಸಿ ಕಳಿಸಿದರು. ಅವರಿಬ್ಬರ ಮೈಮ್ ವಿಧಾನ ಅದೇ ವರ್ಷ ಜೂನ್‌ನಲ್ಲಿ ಪ್ರಕಟವಾಯಿತು. ಇಂದಿಗೂ ಯಾವುದೇ ಇಮೇಲ್‌ನ ಮೂಲರೂಪ ತೆರೆದು ನೋಡಿ: ಮೇಲೆ ಕಳಿಸಿದವರು, ಪಡೆದವರು, ವೇಳೆ, ಕೆಳಗೆ ಗಡಿಗೆರೆಗಳ ನಡುವೆ ಪತ್ರ ಮತ್ತು ಒಂದೊಂದೇ ಲಗತ್ತು. ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರಗಳಾಗಿ ಬರೆಯುವುದರಿಂದ 9 ಎಂಬಿಯ ಫೈಲು ಅಲ್ಲಿ 12 ಎಂಬಿ ದಾಟುತ್ತದೆ. ಆದರೂ ಎಲ್ಲವೂ ಒಂದೇ ಕಟ್ಟು. ನನ್ನ ಮಟ್ಟಿಗೆ ಇದು ಕಚೇರಿಗಳಿಗೆ ಸಿಕ್ಕ ದೊಡ್ಡ ಉಪಕಾರ.

ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು. ಬರಬರುತ್ತಾ ಕಚೇರಿಗಳಲ್ಲಿ ಒಂದು ಕೆಟ್ಟ ರೂಢಿ ಬೆಳೆಯಿತು: ಲಗತ್ತನ್ನು ಇಳಿಸಿಕೊಂಡು ಪತ್ರವನ್ನು ಅಳಿಸುವುದು. ಕವರಿಂಗ್ ಲೆಟರ್ ಇಲ್ಲದ ದರಪಟ್ಟಿಯನ್ನು ಯಾರು ಕಳಿಸಿದರು, ಯಾವಾಗ, ಯಾರ ಒಪ್ಪಿಗೆಯ ಮೇಲೆ ಎಂದು ಆಡಿಟ್‌ನವರು ಕೇಳಿದರೆ ಉತ್ತರವಿರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಲ್ಲೇ ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಆ ಮಾನ್ಯತೆಗೆ ತಕ್ಕ ಜೋಪಾನ ನಮ್ಮಿಂದ ಆಗಬೇಕು.

ಆದ್ದರಿಂದ ಕಿರಿಯ ಸಹೋದ್ಯೋಗಿಗಳಲ್ಲಿ ನನ್ನ ಮನವಿ: ಮುಖ್ಯವಾದ ಮೇಲ್‌ಗಳನ್ನು ಇಎಂಎಲ್ ಫೈಲಾಗಿ ಇಡಿಯಾಗಿ ಉಳಿಸಿ. ಮುದ್ರಿಸಿ ಪಿಡಿಎಫ್ ಮಾಡಿದರೆ ಲಗತ್ತು ಹೊರಗೇ ಉಳಿಯುತ್ತದೆ. ಉತ್ತರಿಸುವಾಗಲೂ ಹಳೆಯ ಲಗತ್ತು ಸಾಮಾನ್ಯವಾಗಿ ಜೊತೆಗೆ ಹೋಗುವುದಿಲ್ಲ. ಇನ್ನೊಬ್ಬರಿಗೆ ಕೊಡಬೇಕಾದಾಗ ಮೂಲ ಮೇಲ್ ಅನ್ನೇ ಲಗತ್ತಾಗಿ ಕಳಿಸಿ, ಕಳಿಸುವ ಮುನ್ನ ಒಮ್ಮೆ ಎಣಿಸಿ ನೋಡಿ.