ಜೆಂಟಾಮೈಸಿನ್ನೂ ಇಲಿಯ ಮೂತ್ರಪಿಂಡವೂ

ಮಣ್ಣಿನ ಸೂಕ್ಷ್ಮಜೀವಿಗಳಿಂದ ಮದ್ದನ್ನು ಪಡೆಯುವ ವಿದ್ಯೆಗೆ, 1943ರಲ್ಲಿ ಅಮೆರಿಕದ ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ದೊರೆತ ಸ್ಟ್ರೆಪ್ಟೊಮೈಸಿನ್ನು ಮಹಾಪ್ರತಿಷ್ಠೆಯನ್ನು ತಂದಿತು. ಅದೇ ಶಾಲೆಯಿಂದ 1949ರಲ್ಲಿ ಹೊರಬಂದ ನಿಯೊಮೈಸಿನ್ನಾದರೋ, ಚುಚ್ಚಿಕೊಟ್ಟರೆ ಕಿವಿಗೂ ಮೂತ್ರಪಿಂಡಕ್ಕೂ ಕೇಡೆಂದು ತಿಳಿದುದರಿಂದ, ಬಹುಮಟ್ಟಿಗೆ ಲೇಪನಕ್ಕೂ ಕರುಳಿನ ಚಿಕಿತ್ಸೆಗೂ ಸೀಮಿತವಾಯಿತು. 1963ರಲ್ಲಿ ಪ್ರಕಟವಾದ ಜೆಂಟಾಮೈಸಿನ್ನೂ ಈ ದೋಷದಿಂದ ಮುಕ್ತವಲ್ಲ. ಆದರೂ ಕಠಿನವಾದ ಸೋಂಕುಗಳಲ್ಲಿ ವೈದ್ಯರು ಅದನ್ನು ಬಿಡಲಾರದೆ ಹೋದರು.

ಕೇಡಿನ ಬಗೆ ವಿಚಿತ್ರವಾದುದು. ರಕ್ತದಿಂದ ಸೋಸಿಬಂದ ಮದ್ದು ಮೂತ್ರದೊಡನೆ ಹೊರಟುಹೋಗಬೇಕಷ್ಟೆ. ಅದರ ಒಂದಂಶವನ್ನು ಮೂತ್ರಪಿಂಡದ ಸೂಕ್ಷ್ಮನಾಳಗಳ ಮೊದಲ ಭಾಗದ ಜೀವಕೋಶಗಳು ತಾವಾಗಿಯೇ ಒಳಗೆಳೆದುಕೊಂಡು, ಕೂಡಿಟ್ಟು, ಕೊನೆಗೆ ಅದರಿಂದಲೇ ನಾಶಹೊಂದುತ್ತವೆ. ಈ ಹಾನಿಯನ್ನು ಇಲಿಗಳಲ್ಲಿ ಬೇಕೆಂದಾಗ ಉಂಟುಮಾಡಬಹುದಾದ್ದರಿಂದ, ಮೂತ್ರಪಿಂಡವನ್ನು ಕಾಯಬಲ್ಲ ವಸ್ತುಗಳ ಪರೀಕ್ಷೆಗೆ ಆ ಮದ್ದೇ ಒರೆಗಲ್ಲಾಯಿತು.

ಕನ್ನಡನಾಡಿನಲ್ಲಿ ಇದಕ್ಕೆ ಮಣಿಪಾಲದ ಔಷಧವಿಜ್ಞಾನ ಕಾಲೇಜಿನ ಕೆಲಸವು ಒಳ್ಳೆಯ ನಿದರ್ಶನ. ಅಲ್ಲಿಯ ಸಂಶೋಧಕರು ಬಿಳಿಹಿಂಡಿ ಗಿಡದಿಂದ ಮದ್ಯಸಾರದಲ್ಲಿ ತೆಗೆದ ಸತ್ತ್ವವನ್ನು, ದೇಹತೂಕದ ಕಿಲೋಗ್ರಾಮಿಗೆ 300 ಮಿಲಿಗ್ರಾಮಿನಂತೆ, ಬಿಳಿಯ ಇಲಿಗಳಿಗೆ ಮುಂಜಾಗ್ರತೆಯಾಗಿ ಕೊಟ್ಟು ನೋಡಿದರು; ಜೆಂಟಾಮೈಸಿನ್ನಿನ ಹಾನಿ ತಗ್ಗಿತೆಂದು 2004ರಲ್ಲಿ ಪ್ರಕಟಿಸಿದರು. ಆ ಗಿಡವು ಮೂತ್ರದ ಕಲ್ಲಿಗೆ ಮದ್ದೆಂದು ನಾಟಿವೈದ್ಯರು ಮೊದಲೇ ಬಲ್ಲರು. ಆದರೆ ರೋಗಿಗೆ ಅದನ್ನು ವಿಧಿಸುವುದಕ್ಕೆ ಇಲಿಗಳ ಸಾಕ್ಷ್ಯವೊಂದೇ ಸಾಲದು.