ಗುಬ್ಬಚ್ಚಿಯ ಪಾಲು

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಹಾಸನದ ಸೀಮೆಯಲ್ಲಿ ಚಳಿ ಬೆಳಗಿನ ಹೊತ್ತಿಗಷ್ಟೇ ಉಳಿಯುತ್ತದೆ. ಬಿಸಿಲೇರಿದಂತೆ ಹಿತ್ತಿಲಿಗೆ ಜೀವ ಬರುತ್ತದೆ. ನುಗ್ಗೆ ಹೂವಿಗೆ ಸೂರಕ್ಕಿ, ಸೀಬೆ ಮರಕ್ಕೆ ಪಿಕಳಾರ, ತರಗೆಲೆ ಕೆದಕಲು ಹರಟೆಮಲ್ಲಗಳ ಗುಂಪು, ಪಾತ್ರೆ ತೊಳೆಯುವ ಕಲ್ಲಿನ ಬಳಿ ಗೊರವಂಕ, ಕಾಗೆ, ಅಳಿಲು. ಚರಿತ್ರೆಯ ಪಾಠ ಮಾಡುವ ನನಗೆ ಮಾತ್ರ ಇವೆಲ್ಲಕ್ಕಿಂತ ಗುಬ್ಬಚ್ಚಿಯ ಕಥೆಯೇ ದೊಡ್ಡದೆನಿಸುತ್ತದೆ. ಅದು ನಮ್ಮ ಅಡುಗೆಮನೆಯ ಚರಿತ್ರೆಯೂ ಹೌದು.

ಮನುಷ್ಯ ಕಾಳು ಬೆಳೆಯಲು ಕಲಿತ ಕಾಲಕ್ಕೇ, ಅಂದರೆ ಸುಮಾರು 11 ಸಾವಿರ ವರ್ಷಗಳ ಹಿಂದೆ, ಗುಬ್ಬಚ್ಚಿ ತನ್ನ ಕಾಡಿನ ಬಳಗದಿಂದ ಬೇರೆಯಾಯಿತೆಂದು 2018ರಲ್ಲಿ ವಿಜ್ಞಾನಿಗಳು ಅದರ ವಂಶವಾಹಿಗಳನ್ನು ಪರೀಕ್ಷಿಸಿ ಹೇಳಿದರು. ಹಿಟ್ಟಿನ ಅಂಶ ಅರಗಿಸಿಕೊಳ್ಳಲು ಅದರ ದೇಹವೂ ಹೊಂದಿಕೊಂಡಂತಿದೆಯಂತೆ. ರಾಜರ ವಂಶಾವಳಿಗಿಂತ ಹಳೆಯದು ಈ ನಂಟು.

ಅರಕಲಗೂಡಿನ ನನ್ನ ತವರಿನಲ್ಲಿ ಹೊಸ ಭತ್ತದ ತೆನೆಯ ಗೊಂಚಲನ್ನು ಹಜಾರದ ತೊಲೆಗೆ ಕಟ್ಟುತ್ತಿದ್ದರು. ಊಟದ ಕೆಲಸ ಮುಗಿಸಿ ಅಮ್ಮ ಮೊರ ಹಿಡಿದು ಅಕ್ಕಿ ಕೇರಲು ಕೂತರೆ ಸಾಕು, ಹೆಂಚಿನ ಸಂದಿಯಿಂದ, ಗೋಡೆಯ ಪಟಗಳ ಹಿಂದಿನಿಂದ ಗುಬ್ಬಚ್ಚಿಗಳು ಇಳಿಯುತ್ತಿದ್ದವು. ನುಚ್ಚು ತಾಯಿಗೆ, ಅಕ್ಕಿಹುಳು ಮರಿಗೆ. ನಾನು ಪೊರಕೆ ತಂದರೆ, “ಅದು ಅವುಗಳ ಪಾಲು ಕಣೇ, ಆಮೇಲೆ ಗುಡಿಸು” ಅನ್ನುತ್ತಿದ್ದಳು. 1965-66ರಲ್ಲಿ ದೇಶಕ್ಕೆ ಬರ ಬಿದ್ದು, ಮನೆಯಲ್ಲಿ ಅಳೆದು ಅನ್ನ ಮಾಡುವಾಗಲೂ ಅಜ್ಜಿ ಆ ಪಾಲು ತಪ್ಪಿಸಲಿಲ್ಲವಂತೆ.

ಇದು ಬರಿಯ ದಯೆಯಲ್ಲ, ತಿಳಿವಳಿಕೆ. 1958ರಲ್ಲಿ ಚೀನಾ ಸರ್ಕಾರ ಗುಬ್ಬಚ್ಚಿ ಕಾಳು ತಿನ್ನುತ್ತದೆಂದು ಕೋಟಿಗಟ್ಟಲೆ ಕೊಲ್ಲಿಸಿತು. ಹಕ್ಕಿ ಹೋದ ಮೇಲೆ ಬೆಳೆಗೆ ಹುಳು ಬಿದ್ದಿತು; ಆಮೇಲಿನ ಘೋರ ಕ್ಷಾಮಕ್ಕೆ ಅದೂ ಒಂದು ಕಾರಣವಾಯಿತು. 1960ರಲ್ಲಿ ಗುಬ್ಬಚ್ಚಿಯನ್ನು ಕೊಲ್ಲುವ ಪಟ್ಟಿಯಿಂದ ತೆಗೆದು ಅಲ್ಲಿ ತಿಗಣೆಯ ಹೆಸರು ಬರೆದರು. ನಮ್ಮಜ್ಜಿಗೆ ಇಷ್ಟು ದೊಡ್ಡ ಪಾಠ ಬೇಕಿರಲಿಲ್ಲ.

ಈಗ ಅಕ್ಕಿ ಕಲ್ಲು, ನುಚ್ಚು, ಹುಳು ಏನೂ ಇಲ್ಲದೆ ಚೀಲದಲ್ಲಿ ಬರುತ್ತದೆ. ನಮ್ಮ ಸೊಂಟಕ್ಕೆ ವಿಶ್ರಾಂತಿ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಹೆಂಚು ಹೋಗಿ ತಾರಸಿ ಬಂತು, ಹಿತ್ತಿಲಿಗೆ ಸಿಮೆಂಟು ಬಂತು. ತವರಿನ ಆಸ್ತಿ ಹಂಚುವಾಗ ಹಿತ್ತಿಲೂ ಮೂರು ಪಾಲಾಯಿತು. ಅಣ್ಣಂದಿರು ಅಳತೆಯ ಪಟ್ಟಿ ಹಿಡಿದು ನಿಂತಿದ್ದಾಗ ಅಮ್ಮ ಕೇಳಿದ್ದು ಒಂದೇ: “ಮೊರ ಇಟ್ಟುಕೊಂಡು ಕೂರೋಕೆ ಒಂದು ಜಾಗ ಬಿಡ್ತೀರೇನಪ್ಪ?” ಯಾರೂ ಉತ್ತರ ಕೊಡಲಿಲ್ಲ. ಪತ್ರದಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ಗುಬ್ಬಚ್ಚಿ ಪೂರ್ತಿ ಹೋಗಿಲ್ಲ. 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ದೇಶದಲ್ಲಿ ಒಟ್ಟಾರೆ ಅದರ ಸಂಖ್ಯೆ ಹೆಚ್ಚು ಬದಲಾಗಿಲ್ಲ. ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಕುಗ್ಗಿದೆ. ಹೊಳೆನರಸೀಪುರ, ಚನ್ನರಾಯಪಟ್ಟಣದಂಥ ನಮ್ಮ ಊರುಗಳು ಯಾವ ದಾರಿ ಹಿಡಿಯುತ್ತವೆಂಬುದು ನಮ್ಮ ಹಿತ್ತಿಲಿನಲ್ಲೇ ತೀರ್ಮಾನವಾಗುತ್ತದೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದ ಹಿತ್ತಿಲ ಹಕ್ಕಿಗಳ ಎಣಿಕೆ 2013ರಿಂದ ನಮ್ಮಲ್ಲೂ ನಡೆಯುತ್ತಿದೆ. ಫೆಬ್ರವರಿಯ ನಾಲ್ಕು ದಿನ, ಕನಿಷ್ಠ 15 ನಿಮಿಷ ಕೂತು ಎಣಿಸಿದರಾಯಿತು. ಮನೆವಾಳ್ತೆಯ ಹೆಂಗಸಿನ ಲೆಕ್ಕವೂ ಅಲ್ಲಿ ಲೆಕ್ಕವೇ.

ಒಂದು ಮಣ್ಣಿನ ತಟ್ಟೆಯಲ್ಲಿ ನೀರು, ಒಂದು ಹಿಡಿ ನುಚ್ಚು, ಸಿಮೆಂಟು ಕಾಣದ ನಾಲ್ಕಡಿ ನೆಲ. ಅಷ್ಟು ಬಿಟ್ಟುಕೊಟ್ಟರೆ ನಮ್ಮ ಅಮ್ಮ, ಅಜ್ಜಿಯರು ಎಲ್ಲೂ ಬರೆದಿಡದ ಚರಿತ್ರೆಗೆ ಇನ್ನೊಂದು ಪುಟ ಸೇರುತ್ತದೆ.